ಕರಿಹಲಗೆಯ ಮೇಲೆ ಮೂರು ಗೆರೆ

ನನಗೆ ಯಾರೂ ನೌಕರಿಯ ಹುಕುಂ ಕೊಟ್ಟಿರಲಿಲ್ಲ. ಆದ್ದರಿಂದ ಬಿಡಿಸುವ ಹುಕುಂ ಕೊಡಲಿಕ್ಕೂ ಯಾರಿಗೂ ಆಗಲಿಲ್ಲ. ನಮ್ಮೂರಿನ ರೇಡಿಯೋ ಪೆಟ್ಟಿಗೆಯನ್ನು ಎಂಟು ವರ್ಷ ನೋಡಿಕೊಂಡವಳು ನಾನು. ಸರಕಾರದ ಕಾಗದದಲ್ಲಿ ನಮ್ಮ ಯಜಮಾನರ ಹೆಸರಿದೆ. ಇರಲಿ, ಆ ಹೆಸರು ಸುಳ್ಳಲ್ಲ, ಆದರೆ ಅರ್ಧ. ಉಳಿದ ಅರ್ಧವನ್ನು ಬರೆಯಲು ಈಗ ಕೂತಿದ್ದೇನೆ. ಒಲೆಯ ಮುಂದೆ ಕೂತವಳಿಗೆ ವೃತ್ತಿ ಎಲ್ಲಿಂದ ಬಂತು ಎನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ನಾನು ಕೈ ಹಿಡಿದು ಕೂರಿಸಿಕೊಳ್ಳುವುದಿಲ್ಲ.

ಈ ವರ್ಷ ನಮ್ಮ ಪಂಚಾಯಿತಿಗೆ ಹೊಸ ಸೆಟ್ಟು ಬಂದಿದೆ. ಅದನ್ನು ನೋಡಿಕೊಳ್ಳಲು ಊರಿನ ಇಬ್ಬರು ಹೆಣ್ಣುಮಕ್ಕಳನ್ನು ನೇಮಿಸಿದ್ದಾರೆ. ಅವರು ಮೊನ್ನೆ ಮನೆಗೆ ಬಂದು, "ಅಜ್ಜಿ, ನಾವು ಏನೇನ ಕಲ್ತಿರಬೇಕು ಹೇಳ್ರಿ" ಎಂದರು. ಗುಂಡಿ ತಿರುವುವುದು ನನಗಿಂತ ನಿಮಗೇ ಚೆನ್ನಾಗಿ ಬರುತ್ತದೆ ಎಂದೆ. ಉಳಿದದ್ದನ್ನು ಬರೆದುಕೊಡುತ್ತೇನೆ ಎಂದು ಮಾತು ಕೊಟ್ಟೆ. ಇದು ಆ ಮಾತು.

ನಮ್ಮೂರು ಹಾನಗಲ್ಲ ತಾಲೂಕಿನಲ್ಲಿ, ತಿಳವಳ್ಳಿಯಿಂದ ಒಂದು ಹರದಾರಿ. ಯಜಮಾನರು ನಮ್ಮೂರಿನ ಕನ್ನಡ ಶಾಲೆಯ ಮಾಸ್ತರು. ದೊಡ್ಡ ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲು ಒಂದು ದಿನ ಚಕ್ಕಡಿಯಲ್ಲಿ ಹುಲ್ಲು ಹಾಸಿ, ಬಾಣಂತಿಯನ್ನು ಕರೆತಂದ ಹಾಗೆ ಸರಕಾರದವರು ಆ ಪೆಟ್ಟಿಗೆಯನ್ನು ನಮ್ಮ ಮನೆಗೆ ತಂದರು. ಕಟ್ಟಿಗೆಯ ಪೆಟ್ಟಿಗೆ. ಒಂದೇ ನಿಲಯ ಹಿಡಿಯುವಂತೆ ಕಟ್ಟಿ ಬೀಗ ಹಾಕಿದ್ದರು. ಎರಡು ಬಿದಿರಿನ ಗಳ ನೆಟ್ಟು ಮೇಲೆ ತಂತಿ ಎಳೆದರು, ಇನ್ನೊಂದು ತಂತಿಯನ್ನು ನೆಲದಲ್ಲಿ ಹುಗಿದರು. ಕೆಳಗೆ ಗಾಜಿನ ಬ್ಯಾಟರಿ, ಅದರೊಳಗೆ ಸುಡುವ ನೀರು.

ಜೋಡಿಸಿಕೊಟ್ಟವರು ಕುಲಕರ್ಣಿ ಎಂಬ ಇನ್ಸ್‌ಪೆಕ್ಟರು. ಹಿರೇಕೆರೂರಿನಿಂದ ಶಿಗ್ಗಾವಿಯವರೆಗೆ ಇಂಥ ಪೆಟ್ಟಿಗೆ ಇದ್ದ ಊರುಗಳನ್ನೆಲ್ಲ ಸೈಕಲ್ಲಿನ ಮೇಲೆ ಸುತ್ತುವವರು. ಧೋತರದ ಚುಂಗು ಸರಪಳಿಗೆ ಸಿಗದಿರಲೆಂದು ಹಗ್ಗ ಕಟ್ಟಿಕೊಂಡಿರುತ್ತಿದ್ದರು. ಅವರು ಹೇಳಿದ ನಿಯಮಗಳಿಗೆಲ್ಲ ಯಜಮಾನರು ತಲೆ ಆಡಿಸಿದರು. ಅವರು ಎಲ್ಲದಕ್ಕೂ ತಲೆ ಆಡಿಸುವವರೇ. ಯಾಕೆಂದರೆ ಅವರ ಬಲಗಿವಿ ಪೂರಾ ಕೇಳುತ್ತಿರಲಿಲ್ಲ, ಎಡಗಿವಿ ಅರ್ಧ ಕೇಳುತ್ತಿತ್ತು. ನೌಕರಿಗೆ ಕುತ್ತು ಬಂದೀತೆಂದು ಅದನ್ನು ಯಾರಿಗೂ ಹೇಳಿರಲಿಲ್ಲ. ಹೀಗೆ ಸರಕಾರವು ಊರಿಗೆಲ್ಲ ಕೇಳಿಸುವ ಪೆಟ್ಟಿಗೆಯನ್ನು ಕಿವಿ ಕೇಳದವರ ಕೈಗೆ ಕೊಟ್ಟಿತು.

ಮೊದಲ ಸಂಜೆ ನಮ್ಮ ಪಡಸಾಲೆ ತುಂಬಿ, ಜನ ಕಟ್ಟೆಯ ಮೇಲೂ ಕೂತರು. ಪೆಟ್ಟಿಗೆ ಕೆಮ್ಮಿತು, ಸೀಟಿ ಹೊಡೆಯಿತು, ಆಮೇಲೆ ಮಾತಾಡಿತು. ಕನ್ನಡವೇ ಹೌದು. ಆದರೆ ಪುಸ್ತಕದ ಕನ್ನಡ, ಅದೂ ಹೋಗಿ ಬಂದು ಮಾಡುವ ದನಿ. ಮುಗಿದ ಮೇಲೆ ಊರಿನ ಗೌಡರು ಕೇಳಿದರು: "ಏನಂತರಿ ಮಾಸ್ತರ, ಪೆಟಗಿ ಏನ ಹೇಳ್ತು?"

ಯಜಮಾನರು ಅಡಿಗೆಮನೆಯ ಬಾಗಿಲ ಕಡೆ ನೋಡಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಸೆರಗು ಬಾಯಿಗೆ ಹಿಡಿದು, ಅವರ ಎಡಗಿವಿಗೆ ಮುಟ್ಟುವಷ್ಟು ದನಿಯಲ್ಲಿ ಒಂದೊಂದೇ ಸಾಲು ಹೇಳಿದೆ. ಅವರು ಅದನ್ನು ಜನರಿಗೆ ಹೇಳಿದರು. ಹತ್ತಿಯ ಧಾರಣೆ, ದನದ ಬೇನೆಗೆ ಔಷಧ, ಮಳೆಯ ಅಂದಾಜು. ಗೌಡರು ಮೀಸೆ ತಿರುವಿ, "ಮಾಸ್ತರ ಕಿವಿ ಭಾಳ ಚುರುಕ ಬಿಡ್ರಿ" ಎಂದರು. ಒಳಗೆ ನಾನು ನಕ್ಕದ್ದು ಒಲೆಗೆ ಮಾತ್ರ ಕೇಳಿಸಿತು.

ಕುಲಕರ್ಣಿಯವರ ಇನ್ನೊಂದು ನಿಯಮವಿತ್ತು. ಸಂಜೆ ಕೇಳಿದ್ದರ ಸಾರಾಂಶವನ್ನು ಮರುದಿನ ಬೆಳಿಗ್ಗೆ ಶಾಲೆಯ ಹೊರಗೋಡೆಯ ಕರಿಹಲಗೆಯ ಮೇಲೆ ಬರೆಯಬೇಕು. ಕೇಳಿದವಳು ನಾನಾದ್ದರಿಂದ ಬರೆಯುವವಳೂ ನಾನೇ ಆದೆ. ನನ್ನ ತವರು ಹತ್ತಿಮತ್ತೂರು. ಅಪ್ಪ ಹತ್ತಿಯ ದಲಾಲಿ, ಅವನಿಗೆ ಬಂದ ಪತ್ರಗಳನ್ನೆಲ್ಲ ಓದಿ ಹೇಳುತ್ತಿದ್ದವಳು ನಾನು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ಒಂದು ಸಾಲು ಬಿಟ್ಟರೂ ಕಣ್ಣು ತೆರೆಯುತ್ತಿದ್ದ. ಆ ಅಭ್ಯಾಸ ನನಗೆ ಆಸ್ತಿಯಾಗಿ ಬಂತು. ತಮ್ಮಂದಿರಿಗೆ ಹೊಲ ಬಂತು, ನನಗೆ ಇದು. ಶಿವನು ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ.

ಬೆಳಿಗ್ಗೆ ಎದ್ದು, ಮಿಂದು, ಲಿಂಗಪೂಜೆ ಮುಗಿಸಿ, ಜನ ಏಳುವ ಮೊದಲೇ ಹೋಗಿ ಬರೆದು ಬರುತ್ತಿದ್ದೆ. ಊರವರು "ಮಾಸ್ತರ ಅಕ್ಷರ ಮುತ್ತಿನಂಗ ಅದಾವ" ಎನ್ನುತ್ತಿದ್ದರು.

ಕೆಲಸ ಹೇಗಿತ್ತು ಎಂದು ಕೇಳಿದಿರಿ, ಹೇಳುತ್ತೇನೆ. ಈಗಿನ ಸೆಟ್ಟು ಕಂಕುಳಲ್ಲಿ ಹಿಡಿಸುತ್ತದೆ. ಆಗಿನದು ಎಮ್ಮೆಯಷ್ಟು ಚಾಕರಿ ಬೇಡುತ್ತಿತ್ತು. ಬ್ಯಾಟರಿ ಹತ್ತು ಹನ್ನೆರಡು ದಿನಕ್ಕೆ ಸೊರಗುತ್ತಿತ್ತು. ಅದನ್ನು ಸವಣೂರಿನ ಎಲೆ ತರುವ ಗಾಡಿಯವನ ಕೈಯಲ್ಲಿ ಹಾನಗಲ್ಲಿನ ಅಕ್ಕಿ ಗಿರಣಿಗೆ ಕಳಿಸಬೇಕು. ಅಲ್ಲಿನ ಎಂಜಿನ್ನಿನಿಂದ ಅದಕ್ಕೆ ಜೀವ ತುಂಬಿಸಿ ತರಬೇಕು. ವೀಳ್ಯದೆಲೆಯ ಪೆಂಡಿಗಳ ನಡುವೆ ಅದು ತಂಪಾಗಿ ಬರುತ್ತಿತ್ತು. ಒಮ್ಮೆ ಇಳಿಸಿಕೊಳ್ಳುವಾಗ ಸುಡುವ ನೀರು ತುಳುಕಿ, ನನ್ನ ಇಳಕಲ್ಲ ಸೀರೆಯ ಸೆರಗಿನಲ್ಲಿ ಏಳು ತೂತು ಬಿದ್ದವು. ಕೈಮೇಲೆ ಒಂದೂ ಬೀಳಲಿಲ್ಲ. ತೂತುಗಳನ್ನು ಎಣಿಸಿ, ಕೈ ನೋಡಿಕೊಂಡು, ದೇವರಿಗೆ ನಮಸ್ಕಾರ ಮಾಡಿದೆ.

ನೆಲದ ತಂತಿಯನ್ನು ಹಿತ್ತಲ ಬಿಲ್ವಪತ್ರಿ ಗಿಡದ ಬುಡದಲ್ಲಿ ಹುಗಿದಿದ್ದೆವು. ಪೂಜೆಯ ನೀರನ್ನು ನಾನು ದಿನವೂ ಅಲ್ಲಿಯೇ ಹಾಕುತ್ತಿದ್ದೆ. ಬೇಸಿಗೆಯಲ್ಲಿ ನೆಲ ಒಣಗಿದರೆ ದನಿ ಕುಗ್ಗುತ್ತಿತ್ತು, ಒಂದು ಕೊಡ ನೀರು ಸುರಿದರೆ ಮತ್ತೆ ಏಳುತ್ತಿತ್ತು. "ಪೆಟಗಿಗೆ ನೀರಡಿಸೇತಿ, ಅಕ್ಕಾರ ನೀರ ಹಾಕ್ರಿ" ಎಂದು ಪಡಸಾಲೆಯಿಂದಲೇ ಕೂಗುತ್ತಿದ್ದರು. ನಗಬೇಡಿ. ಆ ತಿಳುವಳಿಕೆಯಲ್ಲಿ ತಪ್ಪೇನೂ ಇರಲಿಲ್ಲ.

ಇನ್ನು ನನ್ನ ತಪ್ಪು. ಇದನ್ನು ಬರೆಯದಿದ್ದರೆ ಉಳಿದದ್ದು ಬರೆದೂ ಪ್ರಯೋಜನವಿಲ್ಲ.

ಪೆಟ್ಟಿಗೆ ಬಂದ ಎರಡನೆಯ ಮುಂಗಾರು. ನಮ್ಮ ಕಡೆ ಮಳೆ ಹಿಡಿಯುವ ಮೊದಲೇ ಕೂರಿಗೆಯಿಂದ ಬತ್ತ ಬಿತ್ತುತ್ತಾರೆ. ಒಂದು ದಿನ ಮುಂಚೆಯಾದರೂ ಕಷ್ಟ, ತಡವಾದರೂ ಕಷ್ಟ. ಆ ಸಂಜೆ ಪೆಟ್ಟಿಗೆ, "ಧಾರವಾಡ ಜಿಲ್ಲೆಯ ದಕ್ಷಿಣ ಭಾಗದಲ್ಲಿ ಮಳೆಯು" ಎಂದಿತು. ಅಲ್ಲಿಗೆ ಬ್ಯಾಟರಿ ಸತ್ತಿತು. ಮಳೆಯು ಏನು? ಬರುತ್ತದೆಯೋ, ಬರುವುದಿಲ್ಲವೋ, ತಡವೋ? ಊರೆಲ್ಲ ಕಾದಿತ್ತು. ಯುಗಾದಿಯ ದಿನ ಮಠದ ಅಯ್ಯನವರು ಪಂಚಾಂಗ ಓದಿ, ಮೃಗಶಿರ ಮಳೆ ಸಮೃದ್ಧ ಎಂದು ಹೇಳಿದ್ದು ನನ್ನ ತಲೆಯಲ್ಲಿತ್ತು. ಅಯ್ಯನವರ ಬಾಯಿಂದ ಬಂದದ್ದು ಸುಳ್ಳಾಗುವುದುಂಟೇ ಎಂದುಕೊಂಡೆ. ಪೆಟ್ಟಿಗೆಯ ಅರ್ಧ ವಾಕ್ಯಕ್ಕೆ ಪಂಚಾಂಗದ ಅರ್ಧ ವಾಕ್ಯ ಹೊಲಿದು, ಬೆಳಿಗ್ಗೆ ಹಲಗೆಯ ಮೇಲೆ ಬರೆದೆ: "ಎರಡು ದಿನಗಳಲ್ಲಿ ಒಳ್ಳೆಯ ಮಳೆ."

ಜನ ಕೂರಿಗೆ ಹೂಡಿದರು. ಒಂದು ಸಣ್ಣ ಮಳೆಯಾಯಿತು, ಬೀಜ ಮೊಳೆಯಲು ಸಾಕಾಗುವಷ್ಟು. ಆಮೇಲೆ ಮೂರು ವಾರ ಬಿಸಿಲು. ಎತ್ತಿದ್ದವರು, ಕಾಳಿದ್ದವರು ಮತ್ತೆ ಬಿತ್ತಿದರು. ಕಲ್ಲವ್ವನಿಗೆ ಎರಡೂ ಇರಲಿಲ್ಲ. ಗಂಡ ಸತ್ತವಳು. ಕೆರೆಯ ಕೆಳಗೆ ಎರಡು ಪಟ್ಟಿ ಗದ್ದೆಯನ್ನು ತಾನೇ ಮಾಡುವವಳು. ಓದು ಬರಹ ಬಾರದು. ಹಲಗೆಯ ಮುಂದೆ ನಿಂತು ಯಾರಾದರೂ ಓದುವವರನ್ನು ಕಾಯುತ್ತಿದ್ದಳು. ಅವಳು ನಮ್ಮ ಬಾಗಿಲಿಗೆ ಬಂದು, ಒಣಗಿದ ಮೊಳಕೆಯ ಒಂದು ಹಿಡಿ ಮಣ್ಣನ್ನು ಹೊಸ್ತಿಲ ಮೇಲೆ ಇಟ್ಟಳು.

"ಅಕ್ಕಾರ, ನಿಮ್ಮ ಪೆಟಗಿ ಸುಳ್ಳ ಹೇಳ್ತೈತೇನ್ರಿ?"

ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ಕೇಳಿದ್ದು ಬೈಗುಳವಲ್ಲ, ತಿಳಿದುಕೊಳ್ಳಲು ಕೇಳಿದ ಪ್ರಶ್ನೆ. ನಮ್ಮ ಮನೆಯ ಬಿತ್ತನೆಯ ಬತ್ತದಲ್ಲಿ ಅರ್ಧವನ್ನು ಅವಳ ಬುಟ್ಟಿಗೆ ಸುರಿದೆ. ಆದರೆ ಪ್ರಶ್ನೆ ಹೊಸ್ತಿಲ ಮೇಲೆಯೇ ಉಳಿಯಿತು.

ಸಂಜೆ ಯಜಮಾನರಿಗೆ, "ನಾಳೆ ಹಲಗಿ ಮ್ಯಾಲ ಖರೇ ಬರಿತೇನ್ರಿ" ಎಂದೆ.

"ಏನಂತ?"

"ಮಳಿ ಸುದ್ದಿ ನಾ ಸೇರಿಸಿದ್ದು ಅಂತ."

"ನೀ ಅಂತ ಬರದ್ರ ಇಷ್ಟ ದಿನಾ ಬರದಾಕಿ ನೀ ಅಂತ ಗೊತ್ತಾಗತೈತಿ. ನನ್ನ ಕಿವಿ ಸುದ್ದೀನೂ ಹೊರಗ ಬೀಳತೈತಿ. ಮಂದಿ ನಗತಾರ ನೀಲಾ."

"ನಗಲ್ರಿ. ಕಲ್ಲವ್ವ ಅಳೂದಕಿಂತ ಮಂದಿ ನಗೂದು ಚಲೋ."

 ಅವರು ಎದ್ದು ಹೋಗಿ, ಶಾಲೆಯ ಡಬ್ಬಿಯಿಂದ ಹಲಗೆಗೆ ಬರೆಯುವ ಒಂದು ಹೊಸ ಖಡು ತೆಗೆದು ನನ್ನ ಕೈಗೆ ಕೊಟ್ಟರು. ಆ ಮನುಷ್ಯನನ್ನು ಹೆದರುಪುಕ್ಕಲ ಎನ್ನುವವರಿಗೆ ನಾನು ಇದನ್ನೇ ಹೇಳುವುದು.

ಬೆಳಿಗ್ಗೆ ಬರೆದೆ: "ಅಂದು ಪೆಟ್ಟಿಗೆ ಅರ್ಧಕ್ಕೆ ನಿಂತಿತ್ತು. ಮಳೆ ಬರುತ್ತದೆ ಎಂದು ಸೇರಿಸಿದವಳು ನಾನು. ತಪ್ಪು ನನ್ನದು. ನೀಲವ್ವ." ಹಲಗೆಯ ಮೇಲೆ ನನ್ನ ಹೆಸರು ಬಂದದ್ದು ಅದೇ ಮೊದಲು. ಜೀವಮಾನದಲ್ಲಿ ನನ್ನ ಹೆಸರು ಎಲ್ಲಿಯಾದರೂ ಬಂದದ್ದೂ ಅದೇ ಮೊದಲು. ಅದು ತಪ್ಪೊಪ್ಪಿಗೆಯ ಕೆಳಗೆ ಬಂತಲ್ಲ ಎಂದು ಎರಡು ದಿನ ವ್ಯಥೆಪಟ್ಟೆ. ಆಮೇಲೆ ಬಿಟ್ಟುಬಿಟ್ಟೆ.

ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡೆ. ದನಿ ಹೋಗಿ ನನಗೆ ಕೇಳದೆ ಉಳಿದ ಕಡೆ ಹಲಗೆಯ ಮೇಲೆ ಮೂರು ಅಡ್ಡ ಗೆರೆ ಎಳೆಯುವುದು. ಹಣೆಯ ಮೇಲೆ ವಿಭೂತಿ ಎಳೆದು ರೂಢಿಯಾದ ಕೈ, ಅದಕ್ಕೆ ಬೇರೆ ಗುರುತು ಹೊಳೆಯಲಿಲ್ಲ. ಮೂರು ಗೆರೆ ಇದ್ದರೆ ನೀಲವ್ವ ಇದನ್ನು ಕೇಳಿಲ್ಲ ಎಂದು ಊರಿಗೆಲ್ಲ ಗೊತ್ತಾಯಿತು. ಕೆಲವು ದಿನ ಹಲಗೆಯಲ್ಲಿ ಅಕ್ಷರಕ್ಕಿಂತ ಗೆರೆಗಳೇ ಹೆಚ್ಚಿರುತ್ತಿದ್ದವು.

ಕುಲಕರ್ಣಿಯವರು ಬಂದು ನೋಡಿ ಹಣೆ ಹಣೆ ಬಡಿದುಕೊಂಡರು. "ಇದೇನ್ರಿ ಬಾಯಾರ, ಹಲಗಿನೋ ಹೊರಸಿಗೆ ಹೆಣೆದ ಹಗ್ಗನೋ? ಹಿರೇಬೆಂಡಿಗೇರಿಯೊಳಗ ಒಂದ ಗೆರಿ ಇಲ್ಲ, ಹಲಗಿ ತುಂಬ ಸುದ್ದಿ ಅದಾವ."

"ಅವರ ಬ್ಯಾಟರಿ ಸಾಯೂದಿಲ್ಲೇನ್ರಿ ಸಾಹೇಬರ?"

"ಸಾಯತಾವ."

"ಮತ್ತ ಸತ್ತ ಮ್ಯಾಲೂ ಸುದ್ದಿ ಎಲ್ಲಿಂದ ಬರತೈತಿ, ಅದನ್ನ ಕೇಳಿ ಬರ್ರಿ."

ಅವರು ಸೈಕಲ್ಲಿನ ಗಂಟೆಯನ್ನು ಒಮ್ಮೆ ಸುಮ್ಮನೆ ಬಾರಿಸಿ ನಕ್ಕರು. ತಮ್ಮ ವಹಿಯಲ್ಲಿ ಏನು ಬರೆದುಕೊಂಡರೋ ತಿಳಿಯದು. ಗೆರೆ ತೆಗೆಯಿರಿ ಎಂದು ಮಾತ್ರ ಮುಂದೆಂದೂ ಹೇಳಲಿಲ್ಲ. ಮೇಲಿನವರಲ್ಲಿ ಅಂಥವರೊಬ್ಬರು ಸಿಕ್ಕರೆ ಸಾಕು, ಹೆಚ್ಚು ಬೇಡಬಾರದು.

ಯುದ್ಧ ನಡೆದ ಕಾಲದಲ್ಲಿ ಲೆವಿ ಬಂತು. ಪ್ರತಿ ಮನೆಯವರೂ ಬೆಳೆದದ್ದರಲ್ಲಿ ಇಷ್ಟು ಎಂದು ಸರಕಾರಕ್ಕೆ ಅಳೆದು ಕೊಡಬೇಕು. ಕೊಡುವುದಕ್ಕೆ ಜನ ಒಲ್ಲೆ ಎನ್ನಲಿಲ್ಲ. ಗೊಣಗುತ್ತ ಕೊಟ್ಟರು. ಆದರೆ ಆ ವರ್ಷ ವಸೂಲಿಗೆ ಬಂದ ಅಧಿಕಾರಿಗೆ ಕಣಜದ ಬತ್ತ ಸಾಲಲಿಲ್ಲ, ಬಿತ್ತನೆಗೆಂದು ಮುಡಿ ಕಟ್ಟಿಟ್ಟದ್ದೂ ಬೇಕಾಯಿತು. ಬಿತ್ತನೆ ಕಾಳು ಕೇಳಿದರೆ ನಮ್ಮ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಅವನಿಗೆ ಯಾರೋ ಹೇಳಿದ್ದರು, ಈ ಊರಿನವರು ಚಾವಡಿಯ ಮಾತು ನಂಬುವುದಿಲ್ಲ, ಶಾಲೆಯ ಹಲಗೆ ನಂಬುತ್ತಾರೆ ಎಂದು. ಹಲಗೆಗೆ ಆ ನಂಬಿಕೆ ಬಂದದ್ದು ನನ್ನ ತಪ್ಪಿನಿಂದಲೇ. ದೇವರ ಲೆಕ್ಕ ನಮಗೆ ಸಿಗುವುದಿಲ್ಲ.

ಮಧ್ಯಾಹ್ನ ಅವನು ನಮ್ಮ ಪಡಸಾಲೆಗೆ ಬಂದು ಯಜಮಾನರ ಮುಂದೆ ಒಂದು ಚೀಟಿ ಇಟ್ಟ. "ನಿನ್ನೆ ರೇಡಿಯೋದಾಗ ಬಂತು ಅಂತ ಇದನ್ನ ಬರೀರಿ ಮಾಸ್ತರ." ಚೀಟಿಯಲ್ಲಿದ್ದದ್ದು ಇಷ್ಟು: ಬಿತ್ತನೆಯ ಕಾಳನ್ನೂ ಈಗ ಕೊಟ್ಟವರಿಗೆ ಮುಂಗಾರಿಗೆ ಸರಕಾರಿ ಉಗ್ರಾಣದಿಂದ ಒಂದಕ್ಕೆ ಒಂದೂವರೆ ಹೊಸ ಬೀಜ ಸಿಗುತ್ತದೆ.

ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ. "ನಿನ್ನಿ ಪೂರಾ ಕೇಳೇನ್ರಿ. ಇದ ಬಂದಿಲ್ಲ."

"ನಿಮ್ಮನ್ನ ಯಾರ ಕೇಳ್ಯಾರ ಬಾಯಿ? ಇವರಿಗೆ ಹೇಳಾಕತ್ತೇನಿ."

"ಅವರಿಗೆ ಹೇಳಿದ್ದು ಅವರಿಗೆ ಕೇಳೂದಿಲ್ರಿ. ಅದಕ್ಕ ನಾ ಬಂದೇನಿ."

ಅವನು ನನ್ನನ್ನು ಬಿಟ್ಟು ಯಜಮಾನರ ಎಡಗಡೆಗೆ ತಿರುಗಿ ದೊಡ್ಡದಾಗಿ ಹೇಳಿದ. ಬರೆಯದಿದ್ದರೆ ಸೆಟ್ಟು ಹೋಗುತ್ತದೆ, ಮಾಸ್ತರಿಗೆ ವರ್ಗವಾಗುತ್ತದೆ. ಅವನು ಹೋದ ಮೇಲೆ ಯಜಮಾನರು ತಲೆ ತಗ್ಗಿಸಿ, "ನಾಕ ಸಾಲು ನೀಲಾ. ನಾ ನೌಕರ ಮನಶಾ" ಎಂದರು.

"ನೀವು ಬರೀರಿ. ನಾ ತಡಿಯೂದಿಲ್ಲ. ನಾ ನೌಕರ ಅಲ್ಲ."

ಸಂಜೆ ಹೋಗಿ ಅವರು ಹಲಗೆಯ ಮೇಲೆ ಬರೆದರು. ಅವರ ಅಕ್ಷರ ನನ್ನವುಗಳಿಗಿಂತ ಚೆಂದ. ಅಂದು ಮಾತ್ರ ಸೊಟ್ಟಗೆ ಬಿದ್ದಿದ್ದವು.

ಮರುದಿನ ಬೆಳಿಗ್ಗೆ ಪೂಜೆಯಲ್ಲಿ ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡು ಎಂದಿಗಿಂತ ಹೆಚ್ಚು ಹೊತ್ತು ಕೂತೆ. ಧೈರ್ಯ ಕೊಡು ಎಂದು ಬೇಡಲಿಲ್ಲ. ಗೆರೆ ನೆಟ್ಟಗೆ ಬರಲಿ ಎಂದಷ್ಟೇ ಬೇಡಿದೆ. ಶಾಲೆಗೆ ಹೋಗಿ, ಆ ನಾಲ್ಕು ಸಾಲಿನ ಕೆಳಗೆ ಹಲಗೆಯ ಈ ತುದಿಯಿಂದ ಆ ತುದಿಗೆ ಮೂರು ಗೆರೆ ಎಳೆದೆ. ನೆಟ್ಟಗೆ ಬಂದವು.

ಅಳತೆ ಶಾಲೆಯ ಅಂಗಳದಲ್ಲೇ ಇತ್ತು. ಜನ ಬಂದರು, ಓದಿದರು, ಗೆರೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಲ್ಲವ್ವ ಬಿತ್ತನೆ ಬತ್ತದ ಬುಟ್ಟಿ ಹೊತ್ತು ಬಂದಿದ್ದಳು. ಚೀಟಿಯ ಮಾತು ಹಿಂದಿನ ಸಂಜೆಯೇ ಅವಳ ಕಿವಿಗೆ ಬಿದ್ದಿತ್ತು. ಒಂದಕ್ಕೆ ಒಂದೂವರೆ ಎಂದರೆ ಅವಳಿಗೆ ಸಣ್ಣದಲ್ಲ. ಬುಟ್ಟಿ ಇಳಿಸಿ, ಓದುವವರಿಗಾಗಿ ಸುತ್ತ ನೋಡಿದಳು. ಆಮೇಲೆ ಹಲಗೆ ನೋಡಿದಳು. ಯಾರನ್ನೂ ಏನೂ ಕೇಳದೆ ಸಿಂಬಿ ಸರಿಮಾಡಿಕೊಂಡು ಬುಟ್ಟಿಯನ್ನು ಮತ್ತೆ ತಲೆಗೇರಿಸಿದಳು.

"ಏ, ಎಲ್ಲಿ ಹೊಂಟಿ?" ಎಂದ ಅಧಿಕಾರಿ.

"ಮನಿಗ್ರಿ. ಉಣ್ಣೂ ಬತ್ತ ಆಗಲೇ ಅಳದ ಕೊಟ್ಟೇನಿ. ಇದು ಬಿತ್ತೂದು."

ಅವಳ ಹಿಂದೆ ಇನ್ನೊಬ್ಬರು ತಿರುಗಿದರು. ಆಮೇಲೆ ಮತ್ತಿಬ್ಬರು. ಅಧಿಕಾರಿ ಹಲಗೆಯ ಹತ್ತಿರ ಬಂದ. "ಇದನ್ನ ಯಾರ ಎಳದಾರ?"

"ನಾನ ಎಳದೇನ್ರಿ" ಎಂದೆ.

"ಏನ ಇದರ ಅರ್ಥ?"

"ಮ್ಯಾಲ ಬರದದ್ದನ್ನ ನಾ ಕೇಳಿಲ್ಲ ಅಂತ ಅರ್ಥರಿ."

"ನೀ ಕೇಳದಿದ್ರ ಅದು ಸುದ್ದಿ ಅಲ್ಲೇನು?"

"ಸುದ್ದಿ ಇರಬಹುದ್ರಿ. ಪೆಟಗಿದು ಅಲ್ಲ, ನಿಮ್ಮದು. ಕೆಳಗ ನಿಮ್ಮ ಹೆಸರ ಬರೀರಿ. ಗೆರಿ ನಾನ ಅಳಸತೇನಿ." ಖಡುವನ್ನು ಅವನ ಮುಂದೆ ಚಾಚಿದೆ. "ನಾ ತಪ್ಪ ಹೇಳಿದಾಗ ಇದ ಹಲಗಿ ಮ್ಯಾಲ ನನ್ನ ಹೆಸರ ಬರದೇನಿ. ನೀವು ಖರೇ ಹೇಳಾಕತ್ತೀರಿ. ನಿಮಗ್ಯಾಕ ಅಂಜಿಕಿ?"

ಅವನು ಖಡು ಮುಟ್ಟಲಿಲ್ಲ. ಅಂಗಳದಲ್ಲಿ ಕೊಳಗದ ಸಪ್ಪಳ ನಿಂತಿತ್ತು. ಒಂದು ಹೆಸರು ಬರೆಯಲು ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತು ಎಲ್ಲರೂ ಕಾದೆವು. ಅವನು ಹಲಗೆಯ ಕಡೆ ಬೆನ್ನು ತಿರುಗಿಸಿದ.

ಅಂದೇ ಸಂಜೆ ಸೆಟ್ಟನ್ನು ಒಯ್ದರು. ಬಂದಾಗ ಹಾಸಿದ ಹುಲ್ಲು ಹೋಗುವಾಗ ಇರಲಿಲ್ಲ. ತಿಂಗಳೊಳಗೆ ಯಜಮಾನರಿಗೆ ತಿಳವಳ್ಳಿಗೆ ವರ್ಗವಾಯಿತು. ದಿನವೂ ಒಂದು ಹರದಾರಿ ಹೋಗಿ, ಒಂದು ಹರದಾರಿ ಬರುವ ನಡಿಗೆ. ಅದರಲ್ಲೂ ಒಂದು ಕೃಪೆ ಇತ್ತು. ದಾರಿಯಲ್ಲಿ ಆಡಿಕೊಳ್ಳುವವರ ಮಾತು ಅವರಿಗೆ ಕೇಳಿಸುತ್ತಿರಲಿಲ್ಲ. ನಿನ್ನಿಂದ ಹೀಗಾಯಿತು ಎಂಬ ಮಾತನ್ನು ಅವರು ಸಾಯುವವರೆಗೂ ಆಡಲಿಲ್ಲ. ಹೋಗುವ ದಿನ ಶಾಲೆಯ ಖಡುವಿನ ಡಬ್ಬಿಯನ್ನು ಹೊಸ ಮಾಸ್ತರಿಗೆ ಒಪ್ಪಿಸುವಾಗ, ಅದರಲ್ಲಿ ಒಂದು ತುಂಡು ಕಡಿಮೆಯಿತ್ತು.

ಆ ತುಂಡಿನಿಂದ ನಾನು ದಿನವೂ ಬೆಳಿಗ್ಗೆ ಹೋಗಿ ಹಲಗೆ ಒರೆಸಿ, ಮೂರು ಗೆರೆ ಎಳೆದು ಬರುತ್ತಿದ್ದೆ. ಗೌಡರು ಒಮ್ಮೆ ನಿಂತು ಕೇಳಿದರು: "ಸೆಟ್ಟ ಇಲ್ಲ, ಸುದ್ದಿ ಇಲ್ಲ. ಬರೇ ಗೆರಿ ಯಾಕ ಎಳಿತಿ ನೀಲವ್ವ?"

"ಕೇಳಿಲ್ಲ ಅನ್ನೂದನ್ನೂ ದಿನಾ ಹೇಳಬೇಕ್ರಿ ಗೌಡ್ರ. ಒಂದ ದಿನಾ ಬಿಟ್ರ, ಆ ಹಲಗಿ ಮ್ಯಾಲ ಮತ್ಯಾರರ ಬಂದು ಬರಿತಾರ."

ಮುಂಗಾರು ಬಂತು. ಉಗ್ರಾಣಕ್ಕೆ ಬೀಜ ಬರಲಿಲ್ಲ. ಚೀಟಿಯ ಮಾತು ನಂಬಿದ ಬೇರೆ ಊರಿನವರು ಖಾಲಿ ಚೀಲ ಹಿಡಿದು ತಿರುಗಿದ್ದನ್ನು ಎಲೆಯ ಗಾಡಿಯವನು ಹೇಳಿದ. ನಮ್ಮೂರಲ್ಲಿ ಕೂರಿಗೆ ಹೂಡಿದರು. ಕಲ್ಲವ್ವನೂ ಎತ್ತು ಕಡ ತಂದು ಹೂಡಿದಳು.

ಸುಗ್ಗಿ ಮುಗಿದ ಮೇಲೆ ಕುಲಕರ್ಣಿಯವರು ಹೇಗೋ ಮಾಡಿ ಸೆಟ್ಟನ್ನು ಮರಳಿ ತಂದರು. ಹೇಗೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಪತ್ರಿ ಗಿಡದ ಬುಡಕ್ಕೆ ಒಂದು ಕೊಡ ನೀರು ಹಾಕಿದೆ. ಹೊಸದಾಗಿ ಜೀವ ತುಂಬಿಸಿದ ಬ್ಯಾಟರಿ, ಆ ಸಂಜೆ ದನಿ ಒಂದು ಸಲವೂ ಕುಗ್ಗಲಿಲ್ಲ. ಬೆಳಿಗ್ಗೆ ಹಲಗೆ ತುಂಬ ಬರೆದೆ.

ಕಲ್ಲವ್ವ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದವಳು ನಿಂತಳು. ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದಳು.

"ಇವತ್ತ ಗೆರಿ ಇಲ್ಲೇನ್ರಿ ಅಕ್ಕಾರ?"

"ಇಲ್ಲವಾ. ಎಲ್ಲಾ ಕೇಳೇನಿ."

"ಹಂಗಾರ ಓದ್ರಿ" ಎಂದು ಹೊರೆ ಇಳಿಸಿ, ಕಟ್ಟೆಯ ಮೇಲೆ ಕೂತಳು.